ಯೋಗ ಶುರು ಮಾಡಬೇಕು, ಯಾವ ಶೈಲಿ ಸರಿ?

ಪ್ರಶ್ನೆ: ಇಡೀ ದಿನ ಕುರ್ಚಿಯಲ್ಲಿ ಕೂತು ಸೊಂಟ ಹಿಡಿದುಕೊಂಡಿದೆ. ಯೋಗ ಕ್ಲಾಸ್‌ಗೆ ಸೇರೋಣ ಅಂತಿದ್ದೇನೆ. ಹಠ, ಅಯ್ಯಂಗಾರ್, ಅಷ್ಟಾಂಗ, ಹಾಟ್ ಯೋಗ ಅಂತ ಹೆಸರು ಕೇಳಿದರೇ ತಲೆ ಕೆಡುತ್ತದೆ. ಬಗ್ಗಿದರೆ ಕೈ ಮೊಣಕಾಲು ದಾಟುವುದಿಲ್ಲ. ಯಾವುದಕ್ಕೆ ಸೇರಲಿ?

ಉತ್ತರ 1: ನಿಮಗೆ ಅಯ್ಯಂಗಾರ್ ಸರಿ. ಒಂದೊಂದು ಆಸನದಲ್ಲೂ ಜಾಸ್ತಿ ಹೊತ್ತು ನಿಲ್ಲಿಸಿ ಪಾದ, ಭುಜ ಎಲ್ಲ ತಿದ್ದುತ್ತಾರೆ. ತ್ರಿಕೋನಾಸನದಲ್ಲಿ ಕೈ ನೆಲ ಮುಟ್ಟದಿದ್ದರೆ ಕೆಳಗೆ ಮರದ ಇಟ್ಟಿಗೆ ಇಡುತ್ತಾರೆ, ಕಾಲು ಚಾಚಿ ಕೂತು ಬಗ್ಗುವಾಗ ಪಾದಕ್ಕೆ ಬೆಲ್ಟ್ ಹಾಕಿ ಹಿಡಿಯಲು ಹೇಳುತ್ತಾರೆ, ಹಾಗಾಗಿ ಮೈ ಬಗ್ಗಲ್ಲ ಅನ್ನೋದು ಅಲ್ಲಿ ದೊಡ್ಡ ತೊಂದರೆಯೇ ಅಲ್ಲ.

ಉತ್ತರ 2: ಅಷ್ಟಾಂಗ ವಿನ್ಯಾಸದಲ್ಲಿ ಆಸನಗಳ ಕ್ರಮ ಮೊದಲೇ ನಿಗದಿಯಾಗಿರುತ್ತದೆ, ಉಸಿರಿನ ಜೊತೆ ನಿಲ್ಲದೆ ಸಾಗಬೇಕು, ಬೆವರು ಕಿತ್ತು ಬರುತ್ತದೆ. ಮಜಾ ಅಂದರೆ ಅಯ್ಯಂಗಾರ್ ಶೈಲಿ ಶುರು ಮಾಡಿದ ಬಿ.ಕೆ.ಎಸ್. ಅಯ್ಯಂಗಾರ್, ಅಷ್ಟಾಂಗ ವಿನ್ಯಾಸ ಹರಡಿದ ಪಟ್ಟಾಭಿ ಜೋಯಿಸ್ ಇಬ್ಬರೂ ಯೋಗಗುರು ಕೃಷ್ಣಮಾಚಾರ್ಯರ ಶಿಷ್ಯರೇ! ಹಾಟ್ ಯೋಗ ಸದ್ಯಕ್ಕೆ ಬಿಡಿ. ಅದರಲ್ಲೇ ಒಂದು ಬಗೆಯಾದ ಬಿಕ್ರಮ್ ಕ್ಲಾಸ್ ಅಂದರೆ ಸುಮಾರು 40 ಡಿಗ್ರಿ ಕೋಣೆಯಲ್ಲಿ 90 ನಿಮಿಷ.

ಉತ್ತರ 3: ಶೈಲಿಗಿಂತ ಕಲಿಸುವವರು ಮುಖ್ಯ ಅಲ್ವಾ? ಮೊದಲು ಟ್ರಯಲ್ ಕ್ಲಾಸ್ ಕೇಳಿ. ಎಲ್ಲಾದರೂ ನೋವಿದೆಯಾ ಅಂತ ವಿಚಾರಿಸದೆ, ಸುಮ್ನೆ ಬೆನ್ನ ಮೇಲೆ ಕೈಯಿಟ್ಟು ಅದುಮುವವರಾದರೆ ಎದ್ದು ಬನ್ನಿ. ವರ್ಷದ ದುಡ್ಡು ಒಟ್ಟಿಗೆ ಕಟ್ಟಬೇಡಿ. ಹಾಂ, ನೋವು ಕಾಲಿಗೆ ಇಳಿಯುತ್ತಿದ್ದರೆ, ಜೋಮು ಹಿಡಿಯುತ್ತಿದ್ದರೆ ಮೊದಲು ಡಾಕ್ಟರ್‌ಗೆ ತೋರಿಸಿ.

ಪ್ರಶ್ನೆ ಕೇಳಿದವರು: ಜೋಮು ಇಲ್ಲ, ಬರೀ ಬಿಗಿತ. ಅಯ್ಯಂಗಾರ್ ಟ್ರಯಲ್ ನೋಡುತ್ತೇನೆ. ತಿಂಡಿ ತಿಂದು ಹೋಗಬಹುದಾ?

ಉತ್ತರ 1: ಬೇಡ. ಹೊಟ್ಟೆ ತುಂಬಾ ತಿಂದಿದ್ದರೆ ಮೂರ್ನಾಲ್ಕು ಗಂಟೆ ಬಿಟ್ಟು ಹೋಗಿ.