ಮರು: ತುರ್ತಾಗಿ ಪದ ಬೇಕಿದೆ – ವಿ ಆಕಾರದ ಗ್ರಾಫಿನ ಚೂಪು ತುದಿಗೆ

ಕೊಪ್ಪಳದ ಮೇಡಂ ಅವರಿಗೆ ನಮಸ್ಕಾರ.

ನಿರಪೇಕ್ಷ ಮೌಲ್ಯದ (ಅಂದರೆ ಮೈನಸ್ ಗುರುತು ಬಿಟ್ಟ ಬೆಲೆಯ) ಗ್ರಾಫಿನಲ್ಲಿ ಗೆರೆ ತಿರುಗುವ ಚೂಪು ತುದಿಗೆ ಕನ್ನಡ ಪದ ಕೇಳಿದ್ದೀರಿ, ಮಕ್ಕಳ ಚಾರ್ಟ್ ನಾಳೆಯೇ ಗೋಡೆಗೆ ಏರಬೇಕು ಅಂದಿದ್ದೀರಿ. ಹಾಗಾಗಿ ಉತ್ತರ ಮೊದಲು: "ಮೊನೆ" ಅಂತ ಬರೆಯಿರಿ.

"ಶೃಂಗ" ಅಂದವರ ಮಾತು ನನಗೆ ಒಪ್ಪಿಗೆಯಿಲ್ಲ. ತ್ರಿಕೋನಕ್ಕೆ ಅದು ನಡೆಯುತ್ತದೆ. ಆದರೆ ಶೃಂಗ ಅಂದರೆ ಕೋಡು, ಬೆಟ್ಟದ ತುದಿ. ನಿಮ್ಮ ವೈ = |ಎಕ್ಸ್ − 3| ಗ್ರಾಫಿನಲ್ಲಿ (ಆ ನಿಂತ ಗೀಟುಗಳು ನಿರಪೇಕ್ಷ ಮೌಲ್ಯದ ಗುರುತು) ಆ ಬಿಂದು ಎಲ್ಲಕ್ಕಿಂತ ಕೆಳಗಿದೆ. ತಳದಲ್ಲಿರುವುದನ್ನು ಶಿಖರ ಅಂತ ಮಕ್ಕಳಿಗೆ ಯಾಕೆ ಹೇಳಬೇಕು? ಗೀಟುಗಳ ಮುಂದೆ ಮೈನಸ್ ಹಾಕಿದರೆ ಗ್ರಾಫ್ ಬೋರಲಾಗುತ್ತದೆ, ಆಗ ಅದೇ ಬಿಂದು ಮೇಲಿರುತ್ತದೆ. ಪೆನ್ಸಿಲ್ ಹೇಗೆ ಹಿಡಿದರೂ ಮೊನೆ ಮೊನೆಯೇ. ತಮಿಳಿನ ಮುನೈ, ತೆಲುಗಿನ ಮೊನ ಇದರ ಒಡಹುಟ್ಟುಗಳು. ಹಳಗನ್ನಡದಲ್ಲಿ ಕಾಳಗಕ್ಕೂ ಮೊನೆ ಅನ್ನುತ್ತಿದ್ದರು, ಮೊನೆಗಾರ ಅಂದರೆ ವೀರ. "ಮೊನ್ನೆ" ಜೊತೆ ಗೊಂದಲವಾಗುತ್ತದೆ ಅನ್ನುವುದು ವಾದವೇ ಅಲ್ಲ.

ಪದಕ್ಕಿಂತ ದೊಡ್ಡ ತೊಂದರೆ ನಿಮ್ಮ ಕೋಷ್ಟಕದಲ್ಲಿದೆ, ದಯವಿಟ್ಟು ಗಮನಿಸಿ. ಎಕ್ಸ್‌ಗೆ 0, 1, 2 ಮಾತ್ರ ಕೊಟ್ಟಿದ್ದೀರಿ. ವೈ 3, 2, 1 ಬರುತ್ತದೆ. ಸ್ಕೇಲ್ ಇಟ್ಟು ಎಳೆದರೆ ನೇರ ಗೆರೆ! ಮಕ್ಕಳು ಅದನ್ನೇ ಸೊನ್ನೆಯ ಕೆಳಕ್ಕೂ ಎಳೆದುಬಿಡುತ್ತಾರೆ. ಗೀಟುಗಳ ಒಳಗಿನ ಲೆಕ್ಕ ಎಲ್ಲಿ ಸೊನ್ನೆಯಾಗುತ್ತದೆ ಅಂತ ಮೊದಲು ನೋಡಿ. ಇಲ್ಲಿ ಅದು 3. ಅದರ ಎರಡೂ ಬದಿಗೆ ಬೆಲೆ ತಗೊಳ್ಳಿ: 1, 2, 3, 4, 5. ಆಗ ವೈ 2, 1, 0, 1, 2. ಮೊನೆ (3, 0) ಅಂತ ತಾನಾಗಿಯೇ ಕಾಣುತ್ತದೆ.

"ಗ್ರಾಫ್" ಪದವನ್ನೇ ತೆಗೆಯಿರಿ ಅನ್ನುವವರು ಸುಮ್ನೆ ಹಟ ಮಾಡುತ್ತಿದ್ದಾರೆ. ನಮ್ಮ ರಾಯಚೂರು ಸೀಮೆ 1948ರವರೆಗೆ ನಿಜಾಮರ ಕೈಯಲ್ಲಿತ್ತು. ಇಲ್ಲಿ ಇವತ್ತಿಗೂ ಆಸ್ಪತ್ರೆಗೆ ದವಾಖಾನೆ ಅಂತೀವಿ, ಅದರಿಂದ ನಮ್ಮ ಕನ್ನಡವೇನೂ ಸೊರಗಿಲ್ಲ. ಆ ಎರಡು ನಿಂತ ಗೀಟುಗಳನ್ನು 1841ರಲ್ಲಿ ಬಳಸಿದವರು ಜರ್ಮನಿಯ ಗಣಿತಜ್ಞ ವೈಯರ್‌ಸ್ಟ್ರಾಸ್. ಅವನ್ನೂ ಅಳಿಸೋಣವೇ? ಅಂಗಡಿಯಲ್ಲಿ ಎಲ್ಲರೂ ಗ್ರಾಫ್ ಹಾಳೆ ಅಂತಲೇ ಕೇಳುತ್ತಾರೆ. ಚಾರ್ಟಿನಲ್ಲೂ ಅದೇ ಇರಲಿ.

ತಲೆಬರಹಕ್ಕೆ "ನಿರಪೇಕ್ಷ ಮೌಲ್ಯ" ಇರಲಿ, ಪರೀಕ್ಷೆಯಲ್ಲಿ ಮಕ್ಕಳಿಗೆ ಎದುರಾಗುವುದು ಅದೇ. ಆದರೆ ಅದರ ಕೆಳಗೆ ಒಂದು ಸಾಲು ಸೇರಿಸಿ: "|ಎಕ್ಸ್ − 3| ಅಂದರೆ 3ರಿಂದ ಎಕ್ಸ್‌ಗೆ ಇರುವ ದೂರ." ದೂರ ಮೈನಸ್ ಆಗುವುದಿಲ್ಲ ಅಲ್ವಾ? ಗೆರೆ ಕೆಳಗಿಳಿಯದೆ ಯಾಕೆ ತಿರುಗುತ್ತದೆ ಅಂತ ಕೇಳುವ ಹುಡುಗರಿಗೆ ಅಷ್ಟು ಸಾಕು.