ಅಪ್‌ಡೇಟ್: ವೈಫೈ ಸಿಗುತ್ತೆ, ಇಂಟರ್ನೆಟ್ ಬರಲ್ಲ – ಕಾರಣ ಸಿಕ್ಕಿತು

ಹೋದ ವಾರ ಕೇಳಿದ್ದೆ: ಕೊಡಗಿನ ನಾಪೋಕ್ಲು ಹತ್ತಿರದ ನಮ್ಮ ಮನೆಯಲ್ಲಿ ನನ್ನ ಫೋನ್ ವೈಫೈಗೆ ಕನೆಕ್ಟ್ ಆಗುತ್ತೆ, ಆದರೆ 'ಇಂಟರ್ನೆಟ್ ಇಲ್ಲ' ಅನ್ನುತ್ತೆ, ಅಮ್ಮನ ಫೋನಿಗೆ ಏನೂ ತೊಂದರೆ ಇಲ್ಲ. ಈಗ ಸರಿಹೋಗಿದೆ.

ಐಪಿ (ನೆಟ್‌ವರ್ಕಿನಲ್ಲಿ ಫೋನಿನ ವಿಳಾಸ) ಸೆಟ್ಟಿಂಗ್ ನೋಡಿ ಅಂದವರ ಮಾತೇ ನಿಜವಾಯಿತು. ಮಳೆಗಾಲದ ಸಿಡಿಲಿಗೆ ಹಳೇ ರೂಟರ್ ಸುಟ್ಟಿತ್ತು. ಹೊಸದಕ್ಕೂ ಅದೇ ಹೆಸರು, ಅದೇ ಪಾಸ್‌ವರ್ಡ್ ಇಟ್ಟೆವು, ಮನೆಯವರೆಲ್ಲ ಮತ್ತೆ ಟೈಪ್ ಮಾಡೋದು ಬೇಡ ಅಂತ. ಎಡವಟ್ಟಾಗಿದ್ದು ಅಲ್ಲೇ. ನನ್ನ ಫೋನಿನಲ್ಲಿ ಹಿಂದೆ ಯಾವಾಗಲೋ ಐಪಿಯನ್ನು 'ಸ್ಟ್ಯಾಟಿಕ್' (ನಾವೇ ಹಾಕಿದ, ಬದಲಾಗದ ವಿಳಾಸ) ಮಾಡಿಟ್ಟಿದ್ದೆ, ಗೇಟ್‌ವೇ (ಇಂಟರ್ನೆಟ್ಟಿಗೆ ದಾರಿಯಾಗುವ ರೂಟರಿನ ವಿಳಾಸ) 192.168.1.1. ಹೊಸ ರೂಟರಿನದು 192.168.0.1. ಹೆಸರು ಒಂದೇ ಆದ್ದರಿಂದ ಫೋನ್ ಹಳೇ ವಿಳಾಸವನ್ನೇ ಹಿಡಿದುಕೊಂಡು, ಇಲ್ಲದ ಗೇಟ್‌ವೇಯನ್ನು ಹುಡುಕುತ್ತಿತ್ತು. ರೀಸ್ಟಾರ್ಟ್ ಎಷ್ಟು ಸಲ ಮಾಡಿದರೂ ಇದು ಹೋಗಲ್ಲ. ಆ ನೆಟ್‌ವರ್ಕನ್ನು 'ಫರ್ಗೆಟ್' ಮಾಡಿ ಮತ್ತೆ ಸೇರಿಸಿದೆ, ಐಪಿ ಡಿಎಚ್‌ಸಿಪಿಗೆ (ರೂಟರೇ ತಾನಾಗಿ ವಿಳಾಸ ಕೊಡುವ ವ್ಯವಸ್ಥೆ) ಬಂತು, ಕ್ಷಣದಲ್ಲಿ ಮೆಸೇಜುಗಳೆಲ್ಲ ಸುರಿದವು.

ಹಿಂದಿನ ಕೋಣೆಯಲ್ಲಿ ಮಾತ್ರ ವೈಫೈ ಆಗಾಗ ಕಡಿಯುತ್ತಿತ್ತು. ಹಳೇ ಮನೆ, ದಪ್ಪ ಮಣ್ಣಿನ ಗೋಡೆ. ರೂಟರಿನ 5 ಗಿಗಾಹರ್ಟ್ಸ್ ಸಿಗ್ನಲ್ ಅದನ್ನು ದಾಟಿ ಬರೋದು ಕಷ್ಟ. 2.4 ಗಿಗಾಹರ್ಟ್ಸ್ ಸಿಗ್ನಲ್ಲಿಗೆ ಬೇರೆ ಹೆಸರು ಕೊಟ್ಟು ಫೋನನ್ನು ಅದಕ್ಕೇ ಸೇರಿಸಿದೆ. ವೇಗ ಸ್ವಲ್ಪ ಕಡಿಮೆ, ಆದರೆ ಕಡಿಯದೆ ಇರುತ್ತೆ.

ತೋಟದೊಳಗೆ ಮೊಬೈಲ್ ಸಿಗ್ನಲ್ಲೇ ಇಲ್ಲದ ನಮಗೆ ವೈಫೈ ಒಂದೇ ದಾರಿ. ತಾಳ್ಮೆಯಿಂದ ಉತ್ತರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದ. ಗುಡುಗು ಶುರುವಾದರೆ ಈಗ ಪ್ಲಗ್ ಜೊತೆಗೆ ರೂಟರಿಗೆ ಬರುವ ಕೇಬಲ್ಲನ್ನೂ ಕಿತ್ತಿಡುತ್ತೇವೆ.