ಪದಚರ್ಚೆ: ಮಟ್ಟು ಅದೇ, ಬದಲಾಗಿದ್ದು ಏನು?

ಎಲ್ಲರಿಗೂ ನಮಸ್ಕಾರ,

ಇಂಗ್ಲೆಂಡಿನ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ ‘ದಿ ವಾಲ್’ (1979) ಆಲ್ಬಂ ಬಗ್ಗೆ ಒಂದು ಪುಟ ಬರೆಯಲು ಕೂತಿದ್ದೆ. ‘ಇದರ ಸಂಗೀತ ವೈವಿಧ್ಯ ಅಪಾರ’ ಅಂತ ಬರೆದೆ. ಓದಿ ನೋಡಿ ಹೊಡೆದುಹಾಕಿದೆ. ವೈವಿಧ್ಯ ಅಂದ ಕೂಡಲೇ ನನಗೆ ಶಾಲೆಯ ವಾರ್ಷಿಕೋತ್ಸವದ ‘ವಿವಿಧ ವಿನೋದಾವಳಿ’ ನೆನಪಾಗುತ್ತದೆ. ಒಂದು ಕೋಲಾಟ, ಒಂದು ಮಿಮಿಕ್ರಿ, ಆಮೇಲೊಂದು ಭಾವಗೀತೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಬೇಕಿಲ್ಲ.

ಈ ಆಲ್ಬಂ ಹಾಗಲ್ಲ. ಎರಡು ಎಲ್‌ಪಿ ರೆಕಾರ್ಡು, 26 ಹಾಡು, ಕತೆ ಮಾತ್ರ ಒಂದೇ: ಪಿಂಕ್ ಅನ್ನುವ ರಾಕ್ ಗಾಯಕ ತನ್ನ ಸುತ್ತ ತಾನೇ ಗೋಡೆ ಕಟ್ಟಿಕೊಳ್ಳುತ್ತಾನೆ. ‘ಅನದರ್ ಬ್ರಿಕ್ ಇನ್ ದಿ ವಾಲ್’ ಇದರಲ್ಲಿ ಮೂರು ಸಲ ಬರುತ್ತದೆ. ಮೊದಲ ಸಲ, ಯುದ್ಧಕ್ಕೆ ಹೋಗಿ ವಾಪಸ್ ಬಾರದ ಅಪ್ಪನ ನೆನಪು. ಗಿಟಾರ್ ತಂತಿಯನ್ನು ಅಂಗೈಯಿಂದ ಅದುಮಿ ಮೀಟಿದ ಟಿಕ್‌ಟಿಕ್ ಸದ್ದು, ಅದರ ಬೆನ್ನಿಗೇ ಪ್ರತಿಧ್ವನಿ. ಎರಡನೇ ಸಲ ಮೇಷ್ಟ್ರುಗಳ ಮೇಲಿನ ಸಿಟ್ಟು. ಪ್ರೊಡ್ಯೂಸರ್‌ಗಳಲ್ಲಿ ಒಬ್ಬರಾದ ಬಾಬ್ ಎಜ್ರಿನ್ ಹೇಳಿದ್ದಕ್ಕೆ ಡಿಸ್ಕೋ ಬೀಟ್ ಬಂತು, ಲಂಡನ್ನಿನ ಒಂದು ಶಾಲೆಯ ಮಕ್ಕಳು ಕೋರಸ್ ಹಾಡಿದರು. ಎಲ್ಲರ ಬಾಯಲ್ಲಿರುವುದು ಇದೇ. ಮೂರನೆಯದು ಒಂದು ನಿಮಿಷ ಚಿಲ್ಲರೆ, ಬರೀ ರೊಚ್ಚು.

ಮೂರಕ್ಕೂ ಟ್ಯೂನ್ ಒಂದೇ. ಅದಕ್ಕೆ ‘ಮಟ್ಟು’ ಅನ್ನಲು ನನಗೆ ಅಡ್ಡಿಯಿಲ್ಲ. ಯಕ್ಷಗಾನದವರ ಬಾಯಲ್ಲಿ ಈಗಲೂ ಇರುವ ಪದ. ಆದರೆ ಬದಲಾದದ್ದಕ್ಕೆ ಏನನ್ನೋಣ? ‘ಮಟ್ಟು ಒಂದೇ, ಧಾಟಿ ಮೂರು’ ಅಂದರೆ ಕಿವಿಗೆ ಹಿತವಾಗಿದೆ. ತೊಂದರೆ ಏನಪ್ಪಾ ಅಂದರೆ, ಎಷ್ಟೋ ಜನ ಧಾಟಿ ಅಂದರೂ ಟ್ಯೂನ್ ಅಂತಲೇ ತಿಳಿಯುತ್ತಾರೆ. ಹಳೇ ಹಾಡಿನ ಪುಸ್ತಕಗಳಲ್ಲಿ ಪದ್ಯದ ತಲೆ ಮೇಲೆ ‘ಎಂಬ ಧಾಟಿ’ ಅಂತ ಹಾಕುತ್ತಿದ್ದದ್ದೂ ಅದಕ್ಕೇ ಅಲ್ವಾ? ‘ವರಸೆ’ ಅಂದರೆ ಸಂಗೀತದ ಮೊದಲ ಪಾಠಗಳಾದ ಸರಳೆ ವರಸೆ, ಜಂಟಿ ವರಸೆ ಅಡ್ಡ ಬರುತ್ತವೆ. ‘ರಾಗಮಾಲಿಕೆ’ ಅಂತೂ ತೀರಾ ಉಲ್ಟಾ: ಅಲ್ಲಿ ಹಾಡು ಒಂದೇ, ರಾಗ ಹಲವು.

ಕೊನೆಯ ಹತ್ತಿರ ‘ದಿ ಟ್ರಯಲ್’ ಬರುತ್ತದೆ. ಅಲ್ಲಿ ಆರ್ಕೆಸ್ಟ್ರಾ, ಹೆಚ್ಚುಕಡಿಮೆ ಒಪೆರಾ. ವಕೀಲ, ಮೇಷ್ಟ್ರು, ಹೆಂಡತಿ, ಅಮ್ಮ, ಜಡ್ಜ್ ಎಲ್ಲರಿಗೂ ದನಿ ಕೊಟ್ಟಿರುವುದು ತಂಡದ ರೋಜರ್ ವಾಟರ್ಸ್ ಒಬ್ಬರೇ. ಕೇಳುತ್ತಾ ನನಗೆ ಹರಿಕತೆ ದಾಸರು ನೆನಪಾದರು. ಅವರೂ ಹೀಗೇ, ಒಂದೇ ಗಂಟಲಲ್ಲಿ ರಾವಣ, ಮಂಡೋದರಿ ಇಬ್ಬರನ್ನೂ ಆಡಿಸುತ್ತಾರೆ. ‘ವೇಷ’ ಅನ್ನುವ ಪದ ಹೊಳೆದದ್ದು ಆಗಲೇ. ‘ಒಂದೇ ಮಟ್ಟು, ಮೂರು ವೇಷ.’ ನನಗೆ ಇಷ್ಟವಾಯಿತು. ಮನೆಯಲ್ಲಿ ಓದಿ ಹೇಳಿದರೆ, ‘ಏನು, ಮೋಸದ ಹಾಡಾ?’ ಅಂದರು. ಸುಮ್ನೆ ವೇಷ ಹಾಕ್ತಾನೆ ಅಂತೀವಲ್ಲ, ಆ ವಾಸನೆ ಹೋಗುವುದಿಲ್ಲ.

ಒಂದು ಕಡೆ ಮಾತ್ರ ಪದ ಹುಡುಕಬೇಕಾಗಲಿಲ್ಲ. ಆಲ್ಬಂನ ಕಟ್ಟಕಡೆಯಲ್ಲಿ ಅರ್ಧಕ್ಕೆ ನಿಂತ ಮಾತು ಮೊದಲ ಹಾಡಿನ ಶುರುವಿಗೆ ಹೋಗಿ ಕೂಡಿಕೊಳ್ಳುತ್ತದೆ. ಒಂದು ಸಾಲು ಮುಗಿದ ಪದದಿಂದಲೇ ಮುಂದಿನ ಸಾಲು ಶುರುವಾಗುವ ಮುಕ್ತಪದಗ್ರಸ್ತವೇ ಸರಿ! ಹೀಗೆ ಒಂದೇ ಕತೆಯ ಸುತ್ತ ಹೆಣೆದ ಆಲ್ಬಂಗೆ ಇಂಗ್ಲಿಷಿನಲ್ಲಿ ಹೇಳುವ ಕಾನ್ಸೆಪ್ಟ್ ಆಲ್ಬಂ ಅನ್ನುವುದನ್ನು ಹಾಗೇ ಬಿಟ್ಟಿದ್ದೇನೆ. ‘ಪರಿಕಲ್ಪನಾ ಸಂಪುಟ’ ಅನ್ನಲು ನಾಲಿಗೆ ಏಳಲಿಲ್ಲ.

ಕರಾವಳಿಯವರು, ಧಾರವಾಡದ ಕಡೆಯವರು ದಯವಿಟ್ಟು ಹೇಳಿ: ‘ಮಟ್ಟು ಅದೇ, ಧಾಟಿ ಬೇರೆ’ ಅಂತ ನಿಮ್ಮಲ್ಲಿ ಯಾರಾದರೂ ಅಂದರೆ ಅರ್ಥವಾಗುತ್ತದೆಯೇ, ಇಲ್ಲ ‘ಎರಡೂ ಒಂದೇ ಅಲ್ಲವೇನೋ’ ಅಂತ ತಿರುಗಿ ಕೇಳುತ್ತಾರೆಯೇ?